ಮುಚ್ಚಿದ ಕೊಲ್ಲಿಗೆ ಬಂದ ಮಲ್ಲಿಗೆ

ಆಗಸ್ಟ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳೂವರೆಗೆ ಕತಾರಿನ ಅಲ್ ಶಮಾಲ್ ಪೊಲೀಸ್ ಠಾಣೆಗೆ ದೂರು ಬಂದಿತು. ದೂರುದಾರ ಹ್ಯೂಬರ್ಟ್ ದೋಹಾದ ಕಚೇರಿಯೊಂದರ ಗುಮಾಸ್ತ. ರಜೆಯಲ್ಲಿ ಗಾಳ ಹಾಕುವ ಹವ್ಯಾಸಿಗಳ ಕೂಟಕ್ಕೆ ಮುಖ್ಯಸ್ಥ. ಅಂಜಲ್ ಮೀನಿನ ಸಂತತಿ ಕುಸಿದುದರಿಂದ ಊರಾಚೆಯ ಸಣ್ಣ ಕೊಲ್ಲಿಯಲ್ಲಿ ಆ ವರ್ಷ ಗಾಳವನ್ನೂ ನಿಷೇಧಿಸಲಾಗಿತ್ತು. ಅಂಥಲ್ಲಿ ಯಾರೋ ಬಲೆಯನ್ನೇ ಬೀಸಿದ್ದರು.

“ಮೊಟ್ಟೆ ತುಂಬಿದ ಮೀನು ಸರ್, ದಡದಲ್ಲಿ ಸತ್ತು ಬಿದ್ದಿವೆ! ಕಳ್ಳ ಸಿಗದಿದ್ದರೆ ಕೊಲ್ಲಿಯನ್ನು ಕಾಯಂ ಮುಚ್ಚುತ್ತಾರಂತೆ. ಮತ್ತೆ ನಾವು ಗಾಳ ಬಾತ್‌ರೂಮಿನ ಬಕೆಟಿಗೆ ಹಾಕುವುದಾ?”

ಮಲ್ಪೆಯ ಸೆಲೆಸ್ಟಿನ್ ಠಾಣೆಯ ದುಭಾಷಿ. ಅವಳು ಅದನ್ನು ಅರಬ್ಬಿಗೆ ತಿರುಗಿಸುವಷ್ಟರಲ್ಲಿ ಇನ್‌ಸ್ಪೆಕ್ಟರ್ ಉಮರ್ ಜೀಪಿನ ಕೀಲಿ ಕೈಗೆತ್ತಿಕೊಂಡಿದ್ದ. “ಯಲ್ಲಾ, ಹೊರಡಿ!”

ನಮ್ಮ ಕಡೆ ಪಂಚನಾಮೆ ಎನ್ನುವ ಸ್ಥಳ ಪರಿಶೀಲನೆ ಎಂಟೂವರೆಗೆ ಆರಂಭವಾಯಿತು. ಹವಳದ ಬಂಡೆಗೆ ಸಿಕ್ಕು ಹರಿದ ಬಲೆಯ ತುಂಡುಗಳು. ನಾಲ್ಕು ಸತ್ತ ಅಂಜಲ್. ಕಾನ್‌ಸ್ಟೇಬಲೊಬ್ಬ ಕಸವೆಂದು ಒದೆಯಲಿದ್ದುದನ್ನು ಕಂಡು ಸೆಲೆಸ್ಟಿನ್ ಕೂಗಿಕೊಂಡಳು.

ಅದು ಸಿಪ್ಪೆ ಸುಲಿಯದ ತೆಂಗಿನಕಾಯಿ. ಅರಿಸಿನ, ಕುಂಕುಮದ ಗುರುತು ಇನ್ನೂ ಇತ್ತು. ಸುತ್ತಿದ್ದ ಮಲ್ಲಿಗೆ ಉಪ್ಪುನೀರಿಗೆ ಕಂದಿತ್ತು.

“ನಿನ್ನೆ ನೂಲ ಹುಣ್ಣಿಮೆ,” ಅವಳು ಹೇಳಿದಳು. “ಮಳೆಗಾಲದ ರಜೆ ಮುಗಿದು ನಮ್ಮ ಮೊಗವೀರರು ಕಡಲಿಗೆ ಕಾಯಿ ಬಿಟ್ಟು ಬಲೆ ಇಳಿಸುವುದು ಆವತ್ತೇ. ಇವನು ಕಳ್ಳತನಕ್ಕೂ ಕಡಲಿನ ಅಪ್ಪಣೆ ಕೇಳಿದ್ದಾನೆ ಸರ್!”

ಮಂಗಳೂರಿನ ವಿಮಾನದಲ್ಲಿ ಬರುವ ಮಲ್ಲಿಗೆಯನ್ನು ದೋಹಾದ ಬಿನ್ ಒಮ್ರಾನ್ ಬಡಾವಣೆಯ ಅಂಗಡಿಯಲ್ಲಿ ಬೆನ್ನಿ ಮಾರುತ್ತಿದ್ದ. ಸೆಲೆಸ್ಟಿನ್ ಗಿರಾಕಿಯಂತೆ ಒಳಹೊಕ್ಕಳು. ಉಮರ್ ಬಾಳೆಕಾಯಿ ಚಿಪ್ಸ್ ನೋಡುತ್ತ ನಿಂತ.

“ಹೆಂಗಸರು ತಲೆಗೆ ಒಂದು ಚೆಂಡು ಕೊಳ್ಳುತ್ತಾರೆ. ಈ ವಾರ ನಾಲ್ಕು ಚೆಂಡಿನ ಇಡೀ ಅಟ್ಟೆ ಕೊಂಡವರು ಯಾರು ಬೆನ್ನಿ?”

“ದೇಜಪ್ಪಣ್ಣ ಅಲ್ವಾ! ‘ಎರಡನೇ ಮದುವೆಯಾ ಅಣ್ಣ?’ ಅಂತ ಕೇಳಿದೆ. ನಗಲೇ ಇಲ್ಲ ಪುಣ್ಯಾತ್ಮ. ಇವತ್ತು ಬೆಳಿಗ್ಗೆ ಪುನಃ ಫೋನು. ಬರುವ ಶುಕ್ರವಾರಕ್ಕೂ ಒಂದು ಅಟ್ಟೆ ಬೇಕಂತೆ.”

ಹೊರಗೆ ಬಂದ ಸೆಲೆಸ್ಟಿನ್ ಪಿಸುಗುಟ್ಟಿದಳು: “ಬಲೆ ಹರಿದಿದೆ. ಕಡಲು ಮುನಿದಿದೆ ಅಂದುಕೊಂಡಿದ್ದಾನೆ. ಪುನಃ ಪೂಜೆ ಮಾಡಿಯೇ ಇಳಿಯುತ್ತಾನೆ.”

ಶುಕ್ರವಾರ ಮುಂಜಾನೆ ಐದೂಕಾಲು. ದಡದ ಉಪ್ಪುನೀರಲ್ಲಿ ಬೆಳೆದ ಕಾಂಡ್ಲ ಗಿಡಗಳ ಮರೆಯಲ್ಲಿ ಪೊಲೀಸ್ ದೋಣಿ ಉಸಿರು ಬಿಗಿಹಿಡಿದಿತ್ತು. ಬಾಡಿಗೆಯ ಪುಟ್ಟ ದೋಣಿಯೊಂದು ಬಂದಿತು. ಕಾಯಿ ನೀರಿಗೆ ಬಿದ್ದಿತು, ಹಿಂದೆಯೇ ಬಲೆ. ಸಿಕ್ಕ ಮೀನುಗಳಿಂದ ನೀರು ಬೆಳ್ಳಿಯಂತೆ ಕುದಿಯತೊಡಗಿತು.

“ಯಲ್ಲಾ, ಯಲ್ಲಾ!” ಉಮರ್ ಕೂಗಿದ.

ದೇಜಪ್ಪ ಎಂಜಿನ್ ಚಾಲೂ ಮಾಡಿದ. ದೋಣಿ ಚಿಮ್ಮಿ ಕೊಲ್ಲಿಯ ಬಾಯಿಗೆ ಹಾರಿತು. ಅಂತರ ಹೆಚ್ಚಿತು. ಉಮರ್ ಬೈಯುತ್ತಲೇ ವೇಗ ಏರಿಸಿದ. ಅಷ್ಟರಲ್ಲಿ ಕರ್ರೆಂಬ ಸದ್ದು. ಹಿಂದೆ ಎಳೆದು ಬರುತ್ತಿದ್ದ ಸ್ವಂತ ಬಲೆಯೇ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು!

“ಖಲಾಸ್,” ಎಂದು ದೇಜಪ್ಪ ಕೈಯೆತ್ತಿದ. ಐದು ನಲವತ್ತಕ್ಕೆ ಬಂಧನವಾಯಿತು. ಬಲೆ ಕತ್ತರಿಸಿ, ಜೀವವಿದ್ದ ಮೀನುಗಳನ್ನೆಲ್ಲ ನೀರಿಗೆ ಬಿಡಲಾಯಿತು.

ಠಾಣೆಯಲ್ಲಿ ಸೆಲೆಸ್ಟಿನ್ ದುಭಾಷಿಯಾಗಿ ಇಬ್ಬರ ನಡುವೆ ಕುಳಿತಳು.

“ಮೀನು ಯಾರಿಗೆ ಮಾರಿದೆ?” ಉಮರ್ ಕೇಳಿದ.

“ಮಾರಲಿಲ್ಲ. ದೋಹಾ ಅಲ್ ಜದೀದಾದಲ್ಲಿ ನಮ್ಮ ಬಿಲ್ಡಿಂಗಿನವರಿಗೆ ಹಂಚಿದೆ.”

“ಮತ್ತೆ ಯಾಕೆ?”

“ಈ ಹುಣ್ಣಿಮೆಗೆ ಊರಲ್ಲಿ ಕಡಲು ತೆರೆಯುತ್ತದೆ ಸರ್. ನೀವು ಇಲ್ಲಿ ಮುಚ್ಚುತ್ತೀರಿ. ಇಷ್ಟು ವರ್ಷ ಎಸಿ ಕೆಳಗೆ ಕಂಪ್ಯೂಟರ್ ಒತ್ತಿಕೊಂಡು, ರಜೆಗೊಂದು ಗಾಳ ಹಿಡಿದು ಸುಮ್ಮನಿದ್ದೆ. ಅದನ್ನೂ ನಿಲ್ಲಿಸಿದಿರಿ. ಕೈ ಕೇಳಲಿಲ್ಲ.”

ಬಾಗಿಲಲ್ಲಿ ಹ್ಯೂಬರ್ಟ್ ನಿಂತಿದ್ದ. “ನಮ್ಮ ಕೂಟದವನೇ ಆಗಿ... ಎಂತ ಮಾಡಿದೆ ಮಾರಾಯ!”

ಉಮರ್ ವರದಿ ಮುಗಿಸಿದ: ಕೃತ್ಯ ಒಬ್ಬನದು, ಕೂಟದ ಉಳಿದವರು ನಿರ್ದೋಷಿಗಳು, ಕೊಲ್ಲಿಯನ್ನು ಕಾಯಂ ಮುಚ್ಚುವ ಕಾರಣವಿಲ್ಲ.

“ಹಾಗಾದರೆ ಬರುವ ವರ್ಷ ಇವರಿಗೆ ತೆರೆಯುತ್ತಾರಾ?” ದೇಜಪ್ಪ ಕೇಳಿದ.

“ಮೀನು ಬಂದರೆ.”

“ಬರುತ್ತದೆ. ಅಷ್ಟರಲ್ಲಿ ನನ್ನನ್ನು ಊರಿಗೆ ಅಟ್ಟಿರುತ್ತೀರಿ, ನಾನು ಇರುವುದಿಲ್ಲವಲ್ಲ,” ಎಂದು ಅವನು ಹೇಳಿಕೆಗೆ ಸಹಿ ಹಾಕಲು ಪೆನ್ನು ಕೇಳಿದ.