ಪೀಪಿಯ ಹನ್ನೆರಡನೆಯ ಕಂಬ

“ಇನ್ನೊಂದ್ಸಲ ಕೂಗು ಪೀಪಿ, ಕಪ್ಪೆ ಬಿದ್ದೋಯ್ತು” ಎಂದ ಅಣ್ಣ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಪೀಪಿ ಕೂಗಿದಳು. ಅವನ ತಂಗಿಗೆ ಆ ಹೆಸರು ಬಂದಿದ್ದೇ ದನಿಯಿಂದ. ಹೆಚ್ಚು ಮಾಡಿ ಹೇಳುವ ಅಭ್ಯಾಸ ನನಗಿಲ್ಲ. ಅವಳು ಬಾಯಿ ಬಿಟ್ಟರೆ ಮೂರು ಬೀದಿ ಆಚೆ ಚಮಚಗಳು ತಟ್ಟೆಯಲ್ಲೇ ಎದ್ದು ನಿಲ್ಲುತ್ತವೆ, ಅಷ್ಟೆ. ಅದರಲ್ಲಿ ಎರಡು ಚಮಚ ನನ್ನವೇ.

ಅಣ್ಣ ಮಾಡುತ್ತಿದ್ದ ಗೇಮ್ ಅಂಥಿಂಥದ್ದಲ್ಲ. ಪರದೆಯ ಮೇಲೆ ಹದಿನಾರು ಕಂಬ. ಮೈಕಿನ ಮುಂದೆ ಸದ್ದು ಮಾಡಿದರೆ ಗೇಮ್ ಇಂಜಿನ್ ಅದನ್ನು ಆ ಕ್ಷಣವೇ ಜರಡಿ ಹಿಡಿದು, ದಪ್ಪ ಸದ್ದಿಗೆ ಎಡಗಡೆಯ ಕಂಬಗಳನ್ನೂ ಕೀರಲು ಸದ್ದಿಗೆ ಬಲಗಡೆಯ ಕಂಬಗಳನ್ನೂ ಎಬ್ಬಿಸುತ್ತಿತ್ತು. ಎದ್ದ ಕಂಬದ ಮೇಲೆ ಕಪ್ಪೆ ಹಾರಬೇಕು. ಅಣ್ಣನ ಗಂಟಲು ಈಚೆಗೆ ಒಡೆದು, ಎಮ್ಮೆಗೇ ನಾಚಿಕೆಯಾಗುವಂತಿತ್ತು. ಅವನಿಂದ ಏಳುತ್ತಿದ್ದುದು ಎಡಗಡೆಯ ಐದೇ ಕಂಬ. ಬಲಗಡೆಗೆ ಪೀಪಿಯೇ ಗತಿ.

ಬಾಗಿಲ ಬಳಿ ತಾತ ಒಂದು ಫ್ಯಾನ್ ಬಿಚ್ಚಿಕೊಂಡು ಕೂತಿದ್ದರು. ನಲವತ್ತು ವರ್ಷ ಮೋಟಾರ್ ರಿಪೇರಿ ಮಾಡಿದ ಕೈ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, “ಬೇರಿಂಗ್ ಹೋಗಿದೆ” ಎಂದರೆ ಸಾಕು, ಮೋಟಾರೇ ತಪ್ಪೊಪ್ಪಿಕೊಳ್ಳುತ್ತಿತ್ತು.

ಆ ತಾತನ ಜೊತೆ ಪೀಪಿ ಟೂ ಬಿಟ್ಟು ಮೂರು ದಿನವಾಗಿತ್ತು. ಅಂದು ಅವಳು ಮೊದಲ ಸಲ ಕೈ ಬಿಟ್ಟು ಸೈಕಲ್ ಓಡಿಸಿದ್ದಳು. “ತಾತ, ನೋಡಿ” ಎಂದು ಏಳು ಸಲ ಕರೆದಿದ್ದಳು. ತಾತ ತಲೆ ಎತ್ತಲಿಲ್ಲ. ಅಣ್ಣ ಒಂದೇ ಸಲ ಕರೆದಾಗ ತಟ್ಟನೆ ತಿರುಗಿದರು. ಅಷ್ಟರಲ್ಲಿ ಪೀಪಿ ಗೇಟಿಗೆ ಗುದ್ದಿ ಬಿದ್ದಾಗಿತ್ತು. ಮಂಡಿ ತರಚಿದ್ದು ಅಷ್ಟೇನೂ ಉರಿಯಲಿಲ್ಲ. ತಾತನಿಗೆ ಅಣ್ಣನೇ ಮುದ್ದು ಎಂಬುದು ಉರಿಯಿತು.

ಗೇಮ್ ಸರಿಯಿದೆಯೇ ಎಂದು ನೋಡಲು ಅಣ್ಣ ಸ್ಪೀಕರಿನಲ್ಲಿ ಒಂದು ಸದ್ದು ಹಾಕಿದ. ಅದು ಒಂದನೆಯ ಕಂಬದಿಂದ ಹದಿನಾರನೆಯದರವರೆಗೆ ಮೆಟ್ಟಿಲು ಹತ್ತುವಂತೆ ಏರಬೇಕು. ಸದ್ದಿನ ವಿಷಯಕ್ಕೆ ತಾತನೇ ಜಡ್ಜ್ ಎಂದು ಅವರನ್ನು ಕರೆದು ಕೂರಿಸಿದ. ತಾತ ಕಣ್ಣು ಮುಚ್ಚಿ, ಪ್ರತಿ ಮೆಟ್ಟಿಲಿಗೂ ಬೆರಳು ಎತ್ತುತ್ತಾ ಹೋದರು.

ಒಂಬತ್ತರವರೆಗೆ ಬೆರಳು ಎದ್ದಿತು. ಹತ್ತಕ್ಕೆ ಏಳಲಿಲ್ಲ.

ಹನ್ನೊಂದಕ್ಕೆ, ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಒಂದೇ ನೆಗೆತಕ್ಕೆ ನಾಲ್ಕು ಮನೆ ದಾಟಿತು. ಅಣ್ಣ ಕಿವಿ ಮುಚ್ಚಿಕೊಂಡ.

“ಯಾಕಪ್ಪಾ ನಿಲ್ಲಿಸ್ಬಿಟ್ಟೆ? ಚೆನ್ನಾಗಿ ಬರ್ತಿತ್ತಲ್ಲ” ಎಂದರು ತಾತ.

ಪರದೆಯ ಮೇಲೆ ಹನ್ನೆರಡನೆಯ ಕಂಬ ಕುಣಿಯುತ್ತಿತ್ತು. ಅದು ಪೀಪಿಯ ಕಂಬ. ಬೆಳಗಿನಿಂದ ಅವಳು ಕೂಗಿದಾಗಲೆಲ್ಲ ಎದ್ದಿದ್ದು ಅದೇ.

ಅಣ್ಣ ಏನೋ ಹೇಳಲು ಬಾಯಿ ತೆರೆದ. ಪೀಪಿ ಅವನ ಕಾಲು ತುಳಿದಳು.

ತಾತ ಫ್ಯಾನಿನ ಹತ್ತಿರ ವಾಪಸು ಹೋದ ಮೇಲೆ ಅವಳು ಗದ್ದವನ್ನು ಎದೆಗೆ ಒತ್ತಿಕೊಂಡು ಮೈಕಿನ ಮುಂದೆ ಮೆಲ್ಲಗೆ “ತಾತ” ಎಂದಳು. ಎಂಟನೆಯ ಕಂಬ ಎದ್ದಿತು. ಇನ್ನೊಮ್ಮೆ ಎಂದಳು. ಆರು. ಗಂಟಲನ್ನು ಪಾತಾಳಕ್ಕೆ ಇಳಿಸಿ ಮತ್ತೊಮ್ಮೆ ಎಂದಳು. ನಾಲ್ಕು. ಅಣ್ಣ ನಗಲಿಲ್ಲ.

ಅವಳು ಹೊರಗೆ ಹೋಗಿ ಸೈಕಲ್ ಹತ್ತಿ, ಆ ನಾಲ್ಕನೆಯ ಕಂಬದ ದನಿಯಲ್ಲೇ ಒಂದು ಸಲ ಕರೆದಳು.

ಸ್ಕ್ರೂಡ್ರೈವರ್ ನಿಂತಿತು. ತಾತ ತಲೆ ಎತ್ತಿದರು. “ಏನಮ್ಮಾ, ಗಂಟಲು ಕಟ್ಟಿದೆಯಾ?”

“ಇಲ್ಲ ತಾತ, ಎಡಗಡೆಗೆ ಬಂದಿದೀನಿ” ಎಂದಳು ಪೀಪಿ, ಎರಡೂ ಕೈ ಬಿಟ್ಟು.

ತಾತನಿಗೆ ತಲೆಬುಡ ತಿಳಿಯಲಿಲ್ಲ. ಅವಳು ಅಂಗಳಕ್ಕೆ ಸಾವಿರದ ಒಂದು ಸುತ್ತು ಹಾಕಿದಳು. ಒಂದೊಂದು ಸುತ್ತನ್ನೂ ತಾತ ನೋಡಿದರು. ಇದರಲ್ಲಿ ಮಾತ್ರ ಒಂದಿಷ್ಟೂ ಸುಳ್ಳಿಲ್ಲ.