ತಡವಾದುದಕ್ಕೆ ಕಾರಣ

ಠಾಣೆಗೆ ಬಂದ ಆ ಹೆಂಗಸಿನ ಬಳಿ ಸಾಕ್ಷಿ ಎನ್ನುವಂಥದ್ದು ಏನೂ ಇರಲಿಲ್ಲ. ಗಂಡ ರಕ್ತಕ್ಕೆ ಸೋಂಕು ತಗುಲಿ ಆಸ್ಪತ್ರೆಯಲ್ಲಿ ಸತ್ತಿದ್ದ. ಔಷಧಿ ಹರಿಸಲು ಅವನ ತೋಳಿನ ನರಕ್ಕೆ ಹಾಕಿದ್ದ ನಳಿಕೆಯನ್ನು ಬದಲಿಸಲು ಡಾಕ್ಟರು ಹೇಳಿದ್ದರು. ಬದಲಿಸಿದ್ದೇನೆ ಎಂದಿದ್ದ ನರ್ಸ್. ಆದರೆ ಹೊಸ ನಳಿಕೆಯ ಕ್ಲಿಪ್ಪೂ ಹಳೆಯದರಂತೆ ಅದೇ ಮೂಲೆಯಲ್ಲಿ ಮುರಿದಿತ್ತು.

“ಜ್ವರ ಬಂದು ಸತ್ತೋರಿಗೆಲ್ಲ ಎಫ್‌ಐಆರ್ ಹಾಕ್ತಾ ಕೂತ್ರೆ ಕಳ್ಳರನ್ನ ಹಿಡಿಯೋರು ಯಾರಮ್ಮ?” ಎಂದು ಇನ್‌ಸ್ಪೆಕ್ಟರ್ ಅವಳನ್ನು ಸಾಗಹಾಕಿದ. ಕಾನ್‌ಸ್ಟೇಬಲ್‌ಗಳು ನಕ್ಕರು.

ಒಂಬತ್ತು ದಿನ ಬಿಟ್ಟು ಅವಳು ಮತ್ತೆ ಬಂದಳು. ಅದೇ ವಾರ್ಡಿನಲ್ಲಿ ಹಿಂದಿನ ದಿನ ಒಬ್ಬ ಬಸ್ ಡ್ರೈವರ್ ಹಾಗೇ ಸತ್ತಿದ್ದ. ಈ ಸಲ ದೂರು ದಾಖಲಾಯಿತು. ತಡವಾದುದಕ್ಕೆ ಕಾರಣ ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕಾನ್‌ಸ್ಟೇಬಲ್ ಕೇಳಿದ.

“ಫಿರ್ಯಾದಿ ದುಃಖದಲ್ಲಿದ್ದರು ಅಂತ ಬರ್ಕೋ,” ಎಂದ ಇನ್‌ಸ್ಪೆಕ್ಟರ್, ಅವಳ ಮುಖ ನೋಡದೆ.

ಅವಳು ಪೂರ್ತಿ ಓದಿ ಸಹಿ ಹಾಕಿದಳು.

ಸತ್ತವರಿಬ್ಬರ ನಳಿಕೆಗಳೂ ಆಸ್ಪತ್ರೆಯ ಲ್ಯಾಬಿನಲ್ಲಿದ್ದವು. ಒಳಗೋಡೆಗೆ ಲೋಳೆ ಕಟ್ಟಿಕೊಂಡಿತ್ತು. ಬ್ಯಾಕ್ಟೀರಿಯಾ ತಾವೇ ಆ ಪದರ ಕಟ್ಟಿ ಅದರೊಳಗೆ ಅಡಗುತ್ತವೆ, ಅಲ್ಲಿಂದ ಕಳಚಿಕೊಂಡು ರಕ್ತಕ್ಕೆ ಇಳಿಯುತ್ತಲೇ ಇರುತ್ತವೆ ಎಂದು ಲ್ಯಾಬಿನ ಡಾಕ್ಟರು ವಿವರಿಸಿದರು. ಇದು ಮೊದಲೇ ಔಷಧಿಗೆ ಬಗ್ಗದ ಜಾತಿ. ಲೋಳೆಯೊಳಗೆ ಸೇರಿಕೊಂಡರೆ ನಳಿಕೆ ಕೀಳದೆ ಬೇರೆ ದಾರಿಯಿಲ್ಲ.

“ಬದಲಿಸಿ ಎರಡೇ ದಿನ ಆಗಿತ್ತು ಅಂತಾನೆ ನರ್ಸ್. ಅಷ್ಟರಲ್ಲಿ ಇಷ್ಟು ದಪ್ಪ ಕಟ್ಟುತ್ತಾ?” ಎಂದು ಇನ್‌ಸ್ಪೆಕ್ಟರ್ ಕೇಳಿದ.

“ಲೋಳೆ ಕಟ್ಟಬಹುದು. ಇಷ್ಟು ದಪ್ಪ ಆಗೋಕೆ ವಾರಗಟ್ಟಲೆ ಬೇಕು.”

“ಮತ್ತೆ ನೀವ್ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ,” ಎಂದು ಡಾಕ್ಟರು ಕನ್ನಡಕ ಒರೆಸಿಕೊಂಡರು.

ಮಧ್ಯಾಹ್ನ ಪಂಚರ ಎದುರು ನರ್ಸಿನ ಕಪಾಟು ತೆಗೆಸಿ ಪಂಚನಾಮೆ ಮಾಡಿದರು. ಹೊಸ ನಳಿಕೆಯ ಮೂರು ಪೊಟ್ಟಣ ಸಿಕ್ಕವು. ಒಂದರ ಸೀಲೂ ಒಡೆದಿರಲಿಲ್ಲ. ಇಪ್ಪತ್ತು ವರ್ಷದಿಂದ ಸುಲಭಕ್ಕೆ ಸಿಗದ ನರವೆಲ್ಲ ಅವನ ಪಾಲಿಗೇ ಬರುತ್ತಿತ್ತು. ವಾರ್ಡಿನಲ್ಲಿ ಅವನನ್ನು ಕೈಗುಣದಣ್ಣ ಎಂದೇ ಕರೆಯುತ್ತಿದ್ದರು.

“ಮೂರನೇದು ಯಾರದು?” ಎಂದು ಇನ್‌ಸ್ಪೆಕ್ಟರ್ ನರ್ಸನ್ನು ಕೇಳಿದ.

“ಕಿಟಕಿ ಪಕ್ಕದ ಟೀಚರಮ್ಮಂದು. ಹಳೇದು ಇನ್ನೂ ಒಳಗೇ ಇದೆ.”

ಕಾನ್‌ಸ್ಟೇಬಲ್ ವಾರ್ಡಿಗೆ ಓಡಿದ. ಡಾಕ್ಟರು ನಳಿಕೆ ಕಿತ್ತ ಸುದ್ದಿ ಬಂದ ಮೇಲೆಯೇ ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡ.

“ಯಾಕೆ ಹೀಗ್ ಮಾಡ್ದೆ?”

“ಕೈ ನಡುಗೋಕೆ ಶುರುವಾಗಿತ್ತು ಸಾರ್. ನಾನೇ ಕಲಿಸಿದ ಹುಡುಗೀರ ಮುಂದೆ ಎರಡು ಸಲ ನರ ತಪ್ಪಿತು. ಆಮೇಲೆ ಪರದೆ ಎಳ್ಕೊಂಡು ಪಟ್ಟಿ ಮಾತ್ರ ಹೊಸದು ಹಾಕ್ತಿದ್ದೆ.”

“ಕೈಲಾಗಲ್ಲ ಅಂತ ಹೇಳೋಕೇನು?”

“ನಾಚಿಕೆ ಆಯ್ತು.”

ಸಂಜೆ ನಾಲ್ಕೂವರೆಗೆ ದಸ್ತಗಿರಿ ಆಯಿತು. ಜೀಪಿನಲ್ಲಿ ಅವನು ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದೇ ಕೂತಿದ್ದ.

ಟೀಚರಮ್ಮನ ಜ್ವರ ಇಳಿಯಿತು. ಫಿರ್ಯಾದಿ ದುಃಖದಲ್ಲಿದ್ದರು ಎಂಬ ಸಾಲು ಚಾರ್ಜ್‌ಶೀಟಿಗೂ ಹಾಗೇ ಹೋಯಿತು.

ಸತ್ತವರು ಇಬ್ಬರು: ಆ ಹೆಂಗಸಿನ ಗಂಡ, ಮತ್ತು ಅವಳನ್ನು ಸಾಗಹಾಕಿದ ದಿನ ಇನ್ನೂ ಬದುಕಿದ್ದ ಬಸ್ ಡ್ರೈವರ್.