ಎಗರುವ ಹೆಬ್ಬೆರಳು

"ಕೈ ತೆಗಿ, ಭಾನುಪ್ರಿಯ. ಕೈ ಮೇಲೆ ಕೂತ್ಕೊಂಡು ಯಾರಾದ್ರೂ ನೋಟ್ಸ್ ಬರೀತಾರಾ?" ಎಂದು ಶಶಿರೇಖ ಮಿಸ್ ಕೇಳಿದರು.

ಭಾನು ಬಲಗೈಯನ್ನು ತೊಡೆಯ ಕೆಳಗೆ ಇನ್ನಷ್ಟು ಒತ್ತಿಕೊಂಡಳು. "ಚಳಿ ಮಿಸ್," ಎಂದಳು.

ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ ಬಂಗಾರಪೇಟೆಯಲ್ಲಿ ಚಳಿಯಂತೆ. ಸುಳ್ಳು ಹೇಳುವುದಾದರೂ ನೆಟ್ಟಗೆ ಹೇಳಬಾರದೇ? ಫ್ಯಾನ್ ಕೆಳಗೂ ಬೆವರುತ್ತಿದ್ದ ಇಡೀ ಆರನೇ ಕ್ಲಾಸು ಕಿಸಕ್ಕನೆ ನಕ್ಕಿತು.

ಕೈ ಬಚ್ಚಿಡಲು ಅವಳಿಗೆ ಗೊತ್ತಿದ್ದ ಜಾಗ ಅದೊಂದೇ. ಮನೆಯಲ್ಲಿ ಅಮ್ಮ ಸೀರಿಯಲ್ ನೋಡುವಾಗ ಹೀಗೇ ಕೈ ಮೇಲೆ ಕೂರುತ್ತಾಳೆ. ಭಾನು ಅದನ್ನು ಆಕ್ಟ್ ಮಾಡಿ ತೋರಿಸಿ ಅಪ್ಪನನ್ನು ನಗಿಸುತ್ತಿದ್ದಳು. ಈಗ ತಾನೇ ಹಾಗೆ ಕೂತಿದ್ದಾಳೆ, ಅದೂ ಕ್ಲಾಸಿನವರೆಲ್ಲರ ಮುಂದೆ.

ಬೇರೆ ದಾರಿಯಿಲ್ಲದೆ ಕೈ ತೆಗೆದು ಪೆನ್ನು ಹಿಡಿದಳು. ಹೆಬ್ಬೆರಳ ಬುಡದ ಮೆತ್ತನೆಯ ಮಾಂಸ ಪಟ್ ಪಟ್ ಎಂದು ಎಗರಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಎಗರಿತು.

"ಇದು ನರದ ಪ್ರಾಬ್ಲಂ ಕಣೇ," ಎಂದು ಪಕ್ಕದಲ್ಲಿದ್ದ ಲಿಖಿತ ಪಿಸುಗುಟ್ಟಿದಳು. "ಸೀರಿಯಸ್ ಇರ್ಬೋದು. ನಿಮ್ಮಪ್ಪನ ಫೋನಲ್ಲಿ ಸರ್ಚ್ ಮಾಡು."

ಲಿಖಿತಳೂ ಭಾನುವಿನ ಹಾಗೆ ಬೂದಿಕೋಟೆಯವಳು, ದಿನಾ ಒಂದೇ ಬಸ್ಸಿನಲ್ಲಿ ಶಾಲೆಗೆ ಬರುವವಳು. ಅವಳ ಮಾವ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಅಷ್ಟಕ್ಕೇ ತಾನು ಅರ್ಧ ಡಾಕ್ಟರ್ ಎಂದುಕೊಂಡಿದ್ದಾಳೆ. ಇಂಥವಳ ಮಾತು ಕೇಳುವ ಭಾನುವಿಗೆ ಏನು ಹೇಳೋಣ.

ಭಾನುವಿನ ಅಮ್ಮ ಸೊಣ್ಣಮ್ಮ ಆಗ ಊರಲ್ಲಿರಲಿಲ್ಲ. ಆಂಡರ್ಸನ್‌ಪೇಟೆಯಲ್ಲಿರುವ ಅವಳ ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಆ ಅಕ್ಕನನ್ನು ಭಾನು ಪೆದ್ದಮ್ಮ ಎನ್ನುತ್ತಾಳೆ. ಪೆದ್ದಮ್ಮನನ್ನು ನೋಡಿಕೊಳ್ಳಲು ಅಮ್ಮ ಹೋದಮೇಲೆ ಅನ್ನ ಸಾರು ಅಪ್ಪನ ಪಾಲಿಗೆ, ಹಸು ಚಂದ್ರಿ ಭಾನುವಿನ ಪಾಲಿಗೆ ಬಂದಿತ್ತು. ಅಪ್ಪ ವೆಂಕಟರಾಮಪ್ಪ ಎರಡು ಟೊಮೆಟೊ ಕ್ರೇಟನ್ನು ಒಟ್ಟಿಗೆ ಎತ್ತುವ ಗಂಡಸು. ಆದರೆ ಹಾಲು ಕರಿ ಎಂದರೆ ಸಾಕು, "ಚಂದ್ರಿ ನಂಗೆ ಒಗ್ಗಲ್ಲಪ್ಪ," ಎಂದು ಹಿಂದೆ ಸರಿಯುತ್ತಾನೆ. ಒಗ್ಗುವುದಿಲ್ಲವೋ, ಒದೆಗೆ ಹೆದರುತ್ತಾನೋ, ಚಂದ್ರಿಯನ್ನೇ ಕೇಳಬೇಕು.

ಅಂದು ಸಾಯಂಕಾಲ ಡೇರಿಗೆ ಹಾಲು ಹಾಕಿ ಬಂದವಳೇ ಭಾನು ಅಪ್ಪನ ಫೋನ್ ಹಿಡಿದಳು. "ಹೆಬ್ಬೆರಳು ಯಾಕೆ ಎಗರತ್ತೆ," ಎಂದು ಅದರ ಕಿವಿಗೆ ಹೇಳಿದಳು.

ಪಾಪ, ಫೋನ್ ಮೊದಲು ಸರಿಯಾಗಿಯೇ ಹೇಳಿತು. ದಣಿವು ಎಂದಿತು, ನಿದ್ದೆ ಕಡಿಮೆ ಎಂದಿತು, ಕಾಫಿ ಜಾಸ್ತಿ ಎಂದಿತು. ಅದ್ಯಾವುದೂ ಭಾನುವಿಗೆ ಹಿಡಿಸಲಿಲ್ಲ. ಇಷ್ಟು ಚೆನ್ನಾಗಿ ಎಗರುವ ಹೆಬ್ಬೆರಳಿಗೆ ಬರೀ ದಣಿವೇ? ಕೆಳಗೆ, ಇನ್ನೂ ಕೆಳಗೆ ಹೋಗಿ ಒಂದು ವಿಡಿಯೊ ಒತ್ತಿದಳು. ಕತ್ತಿಗೆ ಸ್ಟೆತಸ್ಕೋಪ್ ಹಾಕಿಕೊಂಡ ಒಬ್ಬ ಮಹಾಶಯ, ಹಿಂದೆ ದೆವ್ವದ ಮ್ಯೂಸಿಕ್. ನರಗಳ ದೊಡ್ಡ ಕಾಯಿಲೆ ಹೀಗೇ ಶುರುವಾಗುತ್ತದೆ, ಮೊದಲು ಬೆರಳು ಎಗರುತ್ತದೆ, ಆಮೇಲೆ ಕೈಯಿಂದ ಲೋಟ ಬೀಳುತ್ತದೆ, ಕೊನೆಗೆ ಮಾತೂ ನಿಲ್ಲುತ್ತದೆ ಎಂದ. ಮರೆಯದೆ ಲೈಕ್ ಮಾಡಿ ಎಂದೂ ಹೇಳಿದ.

ಭಾನು ಲೈಕ್ ಮಾಡಿದಳು. ಎಷ್ಟು ಆಡಿಕೊಂಡರೂ ಇದೊಂದು ಒಪ್ಪಬೇಕು, ಅವಳಿಗೆ ನಿಜವಾಗಿ ಭಯವಾಗಿತ್ತು. ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರೂ ಒಳಗೆ ಮಾಂಸ ತನ್ನ ಪಾಡಿಗೆ ಎಗರುತ್ತಲೇ ಇತ್ತು. ತನ್ನ ಕೈ ತನ್ನ ಮಾತು ಕೇಳುವುದಿಲ್ಲ ಎನ್ನುವುದು ಸಣ್ಣ ಸಂಗತಿಯಲ್ಲ.

ಅಷ್ಟರಲ್ಲಿ ಅಮ್ಮನೇ ಫೋನ್ ಮಾಡಿದಳು. "ಆಲು ಕರ್ದ್ಯಾ? ಚಂದ್ರಿ ಒದೀಲಿಲ್ಲ ತಾನೇ?"

"ಇಲ್ಲ. ಅಮ್ಮ, ನಾನು ಇಲ್ದಿದ್ರೆ ನೀನು ಅಳ್ತೀಯಾ?"

"ಯಾಕೆ, ಎಲ್ಲಿಗೆ ಓಗ್ತೀಯ?"

"ಎಲ್ಲೂ ಇಲ್ಲ ಬಿಡು."

ಮಾರನೆಯ ದಿನ ಶಾಲೆಯ ನಲ್ಲಿಯ ಹಿಂದೆ ಲಿಖಿತ ಟೆಸ್ಟ್ ಮಾಡಿದಳು. ಒಂಟಿ ಕಾಲಲ್ಲಿ ನಿಲ್ಲಿಸಿದಳು. ಭಾನು ನಿಂತಳು. ಎರಡು ಬೆರಳಲ್ಲಿ ಪೇಪರ್ ಹಿಡಿಸಿ ಎಳೆದಳು. ಪೇಪರ್ ಹರಿಯಿತೇ ಹೊರತು ಬೆರಳು ಬಿಡಲಿಲ್ಲ. ಇಷ್ಟಾದ ಮೇಲೆ ಬುದ್ಧಿ ಇರುವವರು ಸುಮ್ಮನಾಗುತ್ತಿದ್ದರು.

"ನಾಲಿಗೆ ಚಾಚು," ಎಂದಳು ಲಿಖಿತ. ಭಾನು ಚಾಚಿದಳು. "ಅಯ್ಯೋ, ನಡುಗ್ತಾ ಐತೆ ಕಣೇ."

ಆಮೇಲೆ ಲಿಖಿತ ತೊಟ್ಟಿಯ ನೀರಿಗೆ ಬಗ್ಗಿ ತನ್ನ ನಾಲಿಗೆಯನ್ನೂ ಚಾಚಿ ನೋಡಿಕೊಂಡಳು. ಅದೂ ನಡುಗುತ್ತಿತ್ತು. ಎಲ್ಲರದೂ ನಡುಗುತ್ತದೆ. ಅರ್ಧ ಡಾಕ್ಟರ್ ಟಪ್ ಎಂದು ಬಾಯಿ ಮುಚ್ಚಿಕೊಂಡಳು, ಯಾರಿಗೂ ಹೇಳಲಿಲ್ಲ.

ಭಾನು ಬ್ಯಾಗಿನಿಂದ ಜಾಮಿಟ್ರಿ ಬಾಕ್ಸ್ ತೆಗೆದಳು. "ಇದು ನೀನೇ ಇಟ್ಕೊ. ನಂಗೆ ಇನ್ಮೇಲೆ ಬರಿಯಕ್ಕಾಗಲ್ಲ."

ಬೇಡ ಎನ್ನಬೇಕಾದ ಗೆಳತಿ ಬಾಕ್ಸ್ ಒಳಗಿಟ್ಟುಕೊಂಡು, "ಸ್ಕೆಚ್ ಪೆನ್ನು?" ಎಂದು ಕೇಳಿದಳು.

ಭಾನುವಾರ ಅಪ್ಪ, ಮಗಳು ಅಮ್ಮನನ್ನು ಕರೆತರಲು ಹೊರಟರು. ಬೆಳಿಗ್ಗೆ ಹಾಲು ಕರೆದು, ಬಸ್ಸಿನಲ್ಲಿ ಬಂಗಾರಪೇಟೆ, ಅಲ್ಲಿಂದ ರೈಲಿನಲ್ಲಿ ಮಾರಿಕುಪ್ಪಂ, ಆಮೇಲೆ ಆಟೋ. ದಾರಿಯುದ್ದಕ್ಕೂ ಭಾನು ಕಿಟಕಿಯ ಹೊರಗೆ ನೋಡಲಿಲ್ಲ. ಹೆಬ್ಬೆರಳನ್ನೇ ಕಾಯುತ್ತಿದ್ದಳು.

ಪೆದ್ದಮ್ಮನ ಮನೆಯಲ್ಲಿ ಅಮ್ಮ ಕಾಫಿ ಕೊಟ್ಟಳು. ಲೋಟ ನೋಡಬೇಕಾದ ಹೊತ್ತಿನಲ್ಲಿ ಹೆಬ್ಬೆರಳು ನೋಡುತ್ತಾ ಕೂತರೆ ಏನಾಗುತ್ತದೆ? ಲೋಟ ಠಣ್ ಎಂದು ಬಿತ್ತು.

"ಶುರುವಾಯ್ತು," ಎಂದು ಭಾನು ಜೋರಾಗಿ ಅಳತೊಡಗಿದಳು. ಬೆರಳು, ವಿಡಿಯೊ, ನಾಲಿಗೆ, ಮಾತು ನಿಲ್ಲುವುದು ಎಲ್ಲವನ್ನೂ ಹೇಳಿದಳು. ಅಪ್ಪ ನಕ್ಕ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದ ಪೆದ್ದಮ್ಮನೂ ನಕ್ಕಳು. ಅಮ್ಮ ಮಾತ್ರ ನಗಲಿಲ್ಲ. ಚೆಲ್ಲಿದ ಕಾಫಿಯನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿದಳು.

"ನಡಿ, ಡಾಕ್ಟರ್ ಅತ್ರ," ಎಂದಳು.

"ಏನೂ ಆಗಿಲ್ಲ ಬಿಡೇ," ಎಂದ ಅಪ್ಪ.

"ಅವರ ಬಾಯಲ್ಲಿ ಕೇಳ್ತೀನಿ."

ಮುಂದಿನ ಬೀದಿಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಭಾರ್ಗವಿ ಒಬ್ಬ ಮುದುಕನನ್ನು ತಮಿಳಿನಲ್ಲಿ ಬೈದು ಕಳಿಸಿ, ಇವರ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಏನಾಗಿದೆ?"

"ನರದ ಕಾಯಿಲೆ ಮೇಡಂ," ಎಂದಳು ಭಾನು.

"ಓ, ಅದೂ ಗೊತ್ತಾಗಿಬಿಟ್ಟಿದೆಯಾ? ಹಾಗಾದ್ರೆ ಮಾತ್ರೆನೂ ನೀನೇ ಬರ್ಕೊ."

ಬಾಯಲ್ಲಿ ಹಾಗೆಂದರೂ ಪರೀಕ್ಷೆ ಮಾತ್ರ ಸರಿಯಾಗಿಯೇ ಮಾಡಿದರು. ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಹಿಮ್ಮಡಿಯಲ್ಲಿ ನಡೆಸಿದರು. ತಮ್ಮ ಬೆರಳು ಕೊಟ್ಟು ಗಟ್ಟಿಯಾಗಿ ಹಿಸುಕಲು ಹೇಳಿದರು. ಭಾನು ಹಿಸುಕಿದಳು.

"ಬಿಡಮ್ಮ, ನಂಗೆ ನಾಳೆಗೂ ಬೆರಳು ಬೇಕು. ಶಕ್ತಿ ಒಂದು ಚೂರೂ ಕಮ್ಮಿ ಆಗಿಲ್ಲ. ಕಾಯಿಲೆನೂ ಇಲ್ಲ, ಏನೂ ಇಲ್ಲ. ಮಾಂಸ ದಣಿದ್ರೆ ಹೀಗೆ ಎಗರತ್ತೆ. ಈ ಕೈಯಲ್ಲಿ ಹೊಸದಾಗಿ ಏನು ಕೆಲಸ ಮಾಡ್ತಿದ್ದೀಯ?"

"ಏನೂ ಇಲ್ಲ ಮೇಡಂ."

"ಯೋಚ್ನೆ ಮಾಡು. ಇವತ್ತು ಎದ್ದಾಗಿಂದ ಹೇಳು."

"ಎದ್ದೆ. ಅಲ್ಲುಜ್ಜಿದೆ. ಆಲು ಕರ್ದೆ. ಡೇರಿಗೆ ಆಕಿದೆ. ತಿಂಡಿ ತಿಂದೆ. ಬಸ್ಸು..."

"ತಡಿ. ಹಾಲು ಕರೆದ್ಯಾ? ಎಷ್ಟು ದಿನದಿಂದ?"

"ಅಮ್ಮ ಇಲ್ಲಿಗೆ ಬಂದಾಗಿಂದ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ."

"ಮತ್ತೆ ಏನೂ ಕೆಲಸ ಮಾಡಲ್ಲ ಅಂದೆ?"

ಡಾಕ್ಟರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಭಾನುವಿಗೆ ಆಶ್ಚರ್ಯವಾಯಿತು. "ಅದು ಕೆಲ್ಸ ಅಲ್ಲ ಮೇಡಂ," ಎಂದು ಬಿಡಿಸಿ ಹೇಳಿದಳು. "ಅದು ಅಮ್ಮ ಮಾಡೋದು."

ಅಪ್ಪ ಕೆಮ್ಮಿ, ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಡಾಕ್ಟರ್ ಕನ್ನಡಕ ತೆಗೆದು ಅಮ್ಮನನ್ನು ನೋಡಿದರು. ಅಮ್ಮ ಬೆಂಚಿನ ತುದಿಯಲ್ಲಿ ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು.

"ನಿಮ್ಮ ಕೈ ಕೊಡಿ," ಎಂದರು ಡಾಕ್ಟರ್.

"ನಂಗೇನೈತೆ ಮೇಡಂ. ಮಗೂಗೆ ಏನೂ ಇಲ್ಲ ಅಂದ್ರಲ್ಲ, ಸಾಕು."

"ಕೊಡಿ."

ಅಮ್ಮ ಕೈ ಚಾಚಿದಳು. ಹೆಬ್ಬೆರಳ ಬುಡದಲ್ಲಿ, ಅದೇ ಜಾಗದಲ್ಲಿ, ಪಟ್ ಪಟ್ ಎಂದು ಎಗರುತ್ತಿತ್ತು. ಅಕ್ಕನ ಮನೆಯ ನೀರು, ಬಟ್ಟೆ, ಪಾತ್ರೆಯಲ್ಲಿ ಆ ಕೈಗೆ ಇಲ್ಲೂ ಬಿಡುವು ಸಿಕ್ಕಿರಲಿಲ್ಲ.

"ಯಾವಾಗಿಂದ ಹೀಗೆ?"

"ಅದು ಇರ್ತದೆ ಬಿಡಿ. ಇವ್ಳು ಉಟ್ಟೋಕೆ ಮುಂಚಿಂದಾನೂ ಇತ್ತು."

"ಹೆದರಿಕೆ ಆಗ್ಲಿಲ್ವಾ? ಫೋನಲ್ಲಿ ನೋಡಲಿಲ್ವಾ?"

"ಎಲ್ಲಿ ಮೇಡಂ, ಅದಕ್ಕೆಲ್ಲ ಟೈಮು."

ಡಾಕ್ಟರ್ ಅಮ್ಮನ ಕೈಯನ್ನೂ ಎಳೆದು, ಒತ್ತಿ, ಹಿಸುಕಿಸಿ ನೋಡಿದರು. "ನಿಮಗೂ ಕಾಯಿಲೆ ಇಲ್ಲ. ಇದೂ ದಣಿವೇ. ಈ ಕೈಗೆ ಸ್ವಲ್ಪ ರೆಸ್ಟ್ ಬೇಕು," ಎಂದರು.

"ಆಯ್ತು ಮೇಡಂ," ಎಂದಳು ಅಮ್ಮ. ಆಗದ ಕೆಲಸಕ್ಕೆ ಹೇಳುವ ಹಾಗೆ ಹೇಳಿದಳು.

ಮಾರಿಕುಪ್ಪಂನಿಂದ ರೈಲು ಹೊರಟಾಗ ಭಾನುವಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಸಾಯುವುದಿಲ್ಲ, ಮಾತು ನಿಲ್ಲುವುದಿಲ್ಲ. ಲಿಖಿತಳಿಂದ ಜಾಮಿಟ್ರಿ ಬಾಕ್ಸ್ ಕಿತ್ತುಕೊಳ್ಳುವುದೊಂದು ಬಾಕಿ. ಖುಷಿಯಾಗಬೇಕಿತ್ತು. ಆಗಿತ್ತು ಕೂಡ. ಆದರೂ ಕ್ಲಿನಿಕ್ಕಿನಲ್ಲಿ ತಾನೇ ಹೇಳಿದ "ಅದು ಕೆಲ್ಸ ಅಲ್ಲ" ಎಂಬ ಮಾತು ಬಿಡದೆ ಚುಚ್ಚುತ್ತಿತ್ತು.

"ನಿಮ್ಮಮ್ಮ ಬಂದ್ಲಲ್ಲ," ಎಂದ ಎದುರಿಗೆ ಕೂತ ಅಪ್ಪ, ತಾನೇ ಏನೋ ದೊಡ್ಡದು ಕೊಡುವವನಂತೆ. "ಇನ್ನು ನಿನ್ನ ಕೈಗೆ ರೆಸ್ಟು."

ಭಾನು ಪಕ್ಕಕ್ಕೆ ನೋಡಿದಳು. ಅಮ್ಮ ಆಗಲೇ ಕೈ ಮೇಲೆ ಕೂತಿದ್ದಳು. ಅವಳು ಹಾಗೆ ಕೂರುವುದನ್ನು ಭಾನು ಎಷ್ಟು ಸಲ ಆಕ್ಟ್ ಮಾಡಿ ತೋರಿಸಿದ್ದಳೋ. ಒಂದು ಸಲವೂ ಯಾಕೆ ಎಂದು ಕೇಳಿರಲಿಲ್ಲ.

ಆ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ತನ್ನ ಕೈ ಇಟ್ಟಳು. ಅಮ್ಮನದು ಎಗರಿತು. ಸ್ವಲ್ಪ ಹೊತ್ತಿನಲ್ಲಿ ತನ್ನದು ಎಗರಿತು. ಆಮೇಲೆ ಮತ್ತೆ ಅಮ್ಮನದು.

"ಏನೇ ಅದು?" ಎಂದಳು ಅಮ್ಮ.

ಭಾನು ಅಪ್ಪನ ಕಡೆ ತಿರುಗಿದಳು. "ಅಪ್ಪ, ಸಾಯಂಕಾಲ ಚಂದ್ರೀನ ನೀನೇ ಕರಿ," ಎಂದಳು.

"ನಾನಾ? ಅದು ನಂಗೆ ಒಗ್ಗಲ್ಲ ಕಣಮ್ಮ."

"ಒಗ್ಗಿಸ್ಕೊ. ಎಂಗೆ ಅಂತ ನಾನು ಏಳ್ಕೊಡ್ತೀನಿ. ನಮ್ಮಿಬ್ರ ಕೈಗೂ ರೆಸ್ಟ್ ಬೇಕಂತೆ."

ಅಪ್ಪ ಬೇಗನೆ ಕಿಟಕಿಯ ಹೊರಗಿನ ದಿಬ್ಬಗಳನ್ನು ನೋಡತೊಡಗಿದ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೆ ಎಂದು ಭುಜ ಅಲುಗಿದ್ದರಿಂದ ತಿಳಿಯಿತು. ಆಮೇಲೆ ಅಭ್ಯಾಸಬಲದಿಂದ ಬಲಗೈಯನ್ನು ತೊಡೆಯ ಕೆಳಗೆ ಎಳೆದುಕೊಳ್ಳಲು ನೋಡಿದಳು.

ಆಗಲಿಲ್ಲ. ಬಂಗಾರಪೇಟೆ ಬರುವವರೆಗೂ ಭಾನು ಆ ಕೈಯನ್ನು ಬಿಡಲಿಲ್ಲ.